ಪದಚರ್ಚೆ: ‘ಬಿಲ್ಲು ಆಘಾತ’ ಎಲ್ಲಿಂದ ಬಂತು? ಮೂತಿ ಕಾಯುವುದು ಘರ್ಷಣೆಯಿಂದಲೇ?

ಪ್ರಶ್ನೆ:
ಆತ್ಮೀಯರೆ, ಶಿವಮೊಗ್ಗದ ಪಿಯುಸಿ ಮಕ್ಕಳಿಗಾಗಿ ಬರೆಯುತ್ತಿರುವ ಪಾಠವೊಂದರ ಕರಡಿನಲ್ಲಿ ಮೂರು ಪ್ರಯೋಗಗಳ ಬಗ್ಗೆ ತಕರಾರು ಎದ್ದಿದೆ: ‘ಆಘಾತ ತರಂಗ’, ‘ಬಿಲ್ಲು ಆಘಾತ’, ‘ಗಾಳಿಯ ಘರ್ಷಣೆಯಿಂದ ಕ್ಷಿಪಣಿಯ ಮೂತಿ ಕಾಯುತ್ತದೆ’. ಕೊನೆಯದರಲ್ಲಿ ವಿಜ್ಞಾನವೇ ತಪ್ಪು ಎನ್ನುವವರಿದ್ದಾರೆ. ‘ಘರ್ಷಣೆ’ ತೆಗೆದರೆ ಏನು ಹಾಕುವುದು? ಮಲೆನಾಡಿನ ಮಕ್ಕಳು ಕಂಡ ಉದಾಹರಣೆ ಸಿಕ್ಕರೆ ಇನ್ನೂ ಒಳ್ಳೆಯದು.

ಉತ್ತರ:
‘ಬಿಲ್ಲು’ ಮೊದಲು ಹೋಗಲಿ. ಮೂಲದ ಇಂಗ್ಲಿಷ್ ಪದ ‘bow shock’. ಇಂಗ್ಲಿಷಿನಲ್ಲಿ ಬಿಲ್ಲಿಗೂ ಹಡಗಿನ ಮುಂಭಾಗಕ್ಕೂ ಕಾಗುಣಿತ ಒಂದೇ, ಉಚ್ಚಾರ ಬೇರೆ. ಇಲ್ಲಿರುವುದು ಹಡಗಿನ ‘ಬೌ’, ಬಿಲ್ಲಿನ ‘ಬೋ’ ಅಲ್ಲ. ಮೊಂಡು ಮೂತಿಯ ಮುಂದೆ ನಿಲ್ಲುವ ಆಘಾತವೂ ಬಾಗಿಯೇ ಇರುವುದರಿಂದ ತಪ್ಪು ಅನುವಾದ ಯಾರ ಕಣ್ಣಿಗೂ ಬೀಳದೆ ದಾಟಿಕೊಂಡಿದೆ. ‘ಮೂತಿ ಆಘಾತ’ ಎಂದರೆ ಯಾರೋ ಮೂತಿಗೆ ಗುದ್ದಿದಂತೆ ಕೇಳುತ್ತದೆ. ‘ಎದುರಲೆ’ ಆಗಬಹುದು.

‘ಆಘಾತ ತರಂಗ’ ರೂಢಿಯಾಗಿದೆ, ಇರಲಿ. ಆದರೆ ‘ತರಂಗ’ ಎಂದೊಡನೆ ಮಕ್ಕಳು ಏರಿಳಿತ, ತರಂಗದೂರ ಹುಡುಕುತ್ತಾರೆ. ಇಲ್ಲಿರುವುದು ಗಾಳಿಯ ಒತ್ತಡ, ಸಾಂದ್ರತೆ, ತಾಪ ತಟ್ಟನೆ ಏರುವ ಒಂದೇ ಒಂದು ನೆಗೆತ. ನೆಲಮಟ್ಟದ ಗಾಳಿಯಲ್ಲಿ ಬಲವಾದ ಆಘಾತದ ದಪ್ಪ ಒಂದು ಮೈಕ್ರಾನನ್ನೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮುಟ್ಟುವುದಿಲ್ಲ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಗುಡ್ಡದ ಅಬ್ಬಿಯ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಿಂದ ಒಗೆಯುವ ಕಲ್ಲಿನ ಮೇಲೆ ಬೀಳುವುದನ್ನು ನೋಡಿ. ಬಿದ್ದ ಜಾಗದ ಸುತ್ತ ನೀರು ತೆಳ್ಳಗೆ, ಗಾಜಿನಂತೆ ನುಣ್ಣಗೆ ಹರಡಿ, ಒಂದಿಷ್ಟು ದೂರದಲ್ಲಿ ತಟ್ಟನೆ ಏಣು ಕಟ್ಟಿ ದಪ್ಪವಾಗುತ್ತದೆ. ಆ ಬಳೆಯೊಳಗೆ ಬೆರಳಿಟ್ಟರೆ ಎದುರಿನಿಂದ ಬರುವ ನೀರಿಗೆ ಅದರ ಸುದ್ದಿಯೇ ಇಲ್ಲ. ಬೆರಳಿನ ಎರಡೂ ಪಕ್ಕ ಚೂಪು ಗೀರುಗಳು ಹಿಂದಕ್ಕೆ ಚಾಚುತ್ತವೆ. ಬಳೆಯ ಹೊರಗೆ ಬೆರಳಾಡಿಸಿದರೆ ಕಿರುಅಲೆಗಳು ಎಲ್ಲ ದಿಕ್ಕಿಗೂ ಹೋಗುತ್ತವೆ. ಬಳೆಯೊಳಗೆ ನೀರು ತನ್ನ ಅಲೆಗಿಂತ ವೇಗವಾಗಿ ಹರಿಯುತ್ತದೆ, ಹೊರಗೆ ನಿಧಾನವಾಗಿ. ನೀರಿಗೆ ಅಲೆಯ ವೇಗ ಹೇಗೋ ಗಾಳಿಗೆ ಶಬ್ದದ ವೇಗ ಹಾಗೆ. ಆ ಏಣು ಆಘಾತದಲೆಯ ದಾಯಾದಿ. ಶಾಖದ ಪಾಠ ಮಾತ್ರ ಈ ಕಲ್ಲಿನಲ್ಲಿ ಸಿಗದು, ಅದಕ್ಕೆ ಸೈಕಲ್ ಪಂಪು ಬೇಕು: ಗಾಳಿ ಹೊಡೆಯುವಾಗ ಬುಡ ಬಿಸಿಯಾಗುವುದು ಹೆಚ್ಚಾಗಿ ಒಳಗೆ ಅಮುಕಿದ ಗಾಳಿಯಿಂದ.

ಈಗ ‘ಘರ್ಷಣೆ’. ಲೆಕ್ಕವನ್ನೇ ನೋಡೋಣ. 11 ಕಿ.ಮೀ. ಎತ್ತರದಲ್ಲಿ ಗಾಳಿ -56.5 ಡಿಗ್ರಿ ಸೆಲ್ಸಿಯಸ್, ಶಬ್ದದ ವೇಗ ಸೆಕೆಂಡಿಗೆ 295 ಮೀಟರ್. ಮ್ಯಾಕ್ 3ರಲ್ಲಿ, ಅಂದರೆ ಶಬ್ದದ ಮೂರು ಪಟ್ಟು ವೇಗದಲ್ಲಿ, ಹೋಗುವ ಮೂತಿಯ ನೇರ ಮುಂದಿನ ಆಘಾತ ದಾಟುವಷ್ಟರಲ್ಲಿ ಗಾಳಿಯ ಒತ್ತಡ 10.3 ಪಟ್ಟು, ಸಾಂದ್ರತೆ 3.9 ಪಟ್ಟು, ಕೆಲ್ವಿನ್ ಲೆಕ್ಕದ ತಾಪ 2.7 ಪಟ್ಟು ಆಗಿರುತ್ತದೆ, ಅಂದರೆ ಸುಮಾರು 307 ಡಿಗ್ರಿ ಸೆಲ್ಸಿಯಸ್. ಗಾಳಿ ಇನ್ನೂ ಮೂತಿಗೆ ತಾಗಿಯೇ ಇಲ್ಲ! ತಾಗಿ ನಿಂತಲ್ಲಿ 333. ಉಜ್ಜುವ ಮೊದಲೇ ಕಾದದ್ದಕ್ಕೆ ‘ಘರ್ಷಣೆ’ ಎನ್ನುವುದು ಹೇಗೆ? ‘ಸಂಪೀಡನ’ ಪುಸ್ತಕದ ಮಾತು. ‘ಅಮುಕುವಿಕೆ’ ಮಕ್ಕಳಿಗೆ ಸಾಕು.

ಹಾಗೆಂದು ‘ಘರ್ಷಣೆ’ಯನ್ನು ಪಾಠದಿಂದಲೇ ಓಡಿಸಬೇಡಿ. ವಿಮಾನದ ಪಕ್ಕದ ಮೈಗೆ ಅಂಟಿದ ತೆಳು ಗಡಿಪದರದಲ್ಲಿ ಗಾಳಿ ನಿಧಾನವಾಗುವುದು ಸ್ನಿಗ್ಧತೆಯಿಂದಲೇ, ಅಂದರೆ ಗಾಳಿಯ ಪದರಗಳ ಒಳ ಉಜ್ಜಾಟದಿಂದಲೇ. ಅಲ್ಲಿ ಅದು ಸರಿಯಾದ ಪದ. ಉಲ್ಕೆಗೆ ‘ಘರ್ಷಣೆ’, ‘ಅಮುಕುವಿಕೆ’ ಎರಡೂ ಪೂರ್ತಿ ಹೊಂದುವುದಿಲ್ಲ. ಮರಳಕಾಳಿನಷ್ಟರ ಉಲ್ಕೆ 100 ಕಿ.ಮೀ. ಎತ್ತರದಲ್ಲಿರುವಾಗ ಗಾಳಿ ಎಷ್ಟು ವಿರಳವೆಂದರೆ ಎದುರಲೆ ಕಟ್ಟುವುದೇ ಇಲ್ಲ, ಅಣುಗಳು ನೇರವಾಗಿ ಬಡಿದು ಕಾಯಿಸುತ್ತವೆ. ದೊಡ್ಡ ಬಂಡೆ ಕೆಳಗಿಳಿದಾಗ ಮಾತ್ರ ಅಮುಕುವಿಕೆಯ ಕತೆ.

ಕರಡಿನಲ್ಲಿ ‘ಚೂಪು ಮೂತಿ ಗಾಳಿ ಸೀಳುವುದರಿಂದ ಕಡಿಮೆ ಕಾಯುತ್ತದೆ’ ಎಂಬ ಸಾಲೂ ಇದೆ. ಅದು ಪೂರಾ ತಿರುಗುಮುರುಗು. ಚೂಪಾದಷ್ಟೂ ತುದಿಗೆ ಶಾಖ ಹೆಚ್ಚು. ಮೂತಿಯ ತ್ರಿಜ್ಯ ನಾಲ್ಕು ಪಟ್ಟಾದರೆ ಅಲ್ಲಿಗೆ ಶಾಖ ಬರುವ ದರ ಅರ್ಧಕ್ಕಿಳಿಯುತ್ತದೆ. ಮೊಂಡಾದರೆ ಆಘಾತ ದೂರ ಸರಿದು ಬಹುಪಾಲು ಶಾಖ ಗಾಳಿಯ ಜೊತೆಗೇ ಹೋಗುತ್ತದೆ. ಇದನ್ನು 1950ರ ದಶಕದ ಆರಂಭದಲ್ಲಿ ತೋರಿಸಿದವರು ಅಮೆರಿಕದ ಹೆಚ್. ಜೂಲಿಯನ್ ಆಲೆನ್. 2007ರ ಜನವರಿಯಲ್ಲಿ ಇಸ್ರೋ ಬಾಹ್ಯಾಕಾಶದಿಂದ ಮರಳಿಸಿ ಬಂಗಾಳ ಕೊಲ್ಲಿಗೆ ಇಳಿಸಿದ ಕೋಶದ ಮೂತಿಯೂ ಮೊಂಡೇ.

ವಾಕ್ಯ ಹೀಗಿರಲಿ: ‘ಮೂತಿಯೆದುರಿನ ಗಾಳಿ ಆಘಾತದಲೆಯಲ್ಲಿ ಅಮುಕಿ ಕಾಯುತ್ತದೆ, ಆ ಬಿಸಿಗಾಳಿ ಮೂತಿಯನ್ನು ಕಾಯಿಸುತ್ತದೆ.’

ಇನ್ನೊಂದು, ‘ಶ್ರವಣಾತೀತ ವಿಮಾನ’ ಅಂತ ಒಂದು ಕಡೆ ಉಳಿದಿದೆ. ಅದನ್ನು 20,000 ಹರ್ಟ್ಸ್ ದಾಟಿದ ಬಾವಲಿಯ ಕೂಗಿಗೆ ಬಿಟ್ಟುಕೊಡಿ. ವಿಮಾನಕ್ಕೆ ‘ಶಬ್ದಾತೀತ’.