ವಿಆರ್ ಹೆಡ್‌ಸೆಟ್ ಬಾಡಿಗೆಗೆ ಕೊಡುತ್ತೇನೆ, ಒಳಗಿನ ಕಾಟ ತಡೆಯೋದು ಹೇಗೆ?

ಝೆರಾಕ್ಸ್ ಅಣ್ಣ, ಕಲಬುರಗಿ

ಎಲ್ಲರಿಗೂ ನಮಸ್ಕಾರ ರೀ. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಮುಂದಿನ ಅರ್ಧ ಝೆರಾಕ್ಸ್, ಆನ್‌ಲೈನ್ ಅರ್ಜಿ. ಹಿಂದಿನ ಅರ್ಧದಲ್ಲಿ ಎರಡು ಕ್ವೆಸ್ಟ್ ಹೆಡ್‌ಸೆಟ್ ಇಟ್ಟಿದ್ದೇನೆ, ಕಣ್ಣಿಗೆ ಕಟ್ಟಿಕೊಂಡರೆ ಆಟದ ಲೋಕದೊಳಗೇ ಹೋದಂತೆ ಕಾಣೋ ಮೆಟಾ ಕಂಪನಿಯ ವಿಆರ್ ಕನ್ನಡಕ. ನಮ್ಮೂರ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ ಹುಡುಗರಿಗೆ ಕೂಲರ್ ಸಿಕ್ಕರೆ ಸಾಕು, ಆಟ ಆಮೇಲೆ.

ಬಾಕ್ಸಿಂಗ್, ಕತ್ತಿ ಬೀಸೋ ಆಟದಿಂದ ತೊಂದರೆ ಇಲ್ಲ. ತೊಂದರೆ ಇರೋದು ಎಲ್ಲಿಂದಲೋ ಬಂದ ಜನ ಸೇರಿ ಹರಟುವ ಲೋಕಗಳಲ್ಲಿ. ಹೋದ ವಾರ ಪಿಯುಸಿ ಓದುವ ಹುಡುಗಿಯೊಬ್ಬಳು ತಮ್ಮನ ಜೊತೆ ಬಂದಿದ್ದಳು. ಒಳಗೆ ಯಾರೋ ಒಬ್ಬ ಅವಳ ಮುಖಕ್ಕೆ ಮುಖ ತಾಗಿಸಿ ನಿಂತ. ಇವಳು ಹಿಂದೆ ಸರಿದಂತೆ ಅವನೂ ಮುಂದೆ. ಸರಿದು ಸರಿದು ಬೆನ್ನು ಝೆರಾಕ್ಸ್ ಮಷೀನಿಗೆ ಬಡಿಯಿತು. ಅಷ್ಟರಲ್ಲಿ ಇನ್ನೊಬ್ಬ ಬಂದ. ಮೈಯೆಲ್ಲ ಕೆಂಪು ಬಿಳಿ ಲೈಟು, ಪಟಪಟ ಮಿಂಚುತ್ತಾ ಕಣ್ಣ ತುಂಬ ಅವನೇ. ಟಿವಿಗೆ ಹಾಕಿದ್ದರಿಂದ ನಾನೂ ನೋಡಿದೆ. ಹೆಡ್‌ಸೆಟ್ ಕಿತ್ತು ಕೊಟ್ಟಾಗ ಅವಳ ಕೈ ನಡುಗುತ್ತಿತ್ತು. ತಮ್ಮ ಮಾತ್ರ "ಸುಮ್ನೆ ಬೊಂಬೆ ಅಲ್ವಾ ಅಕ್ಕಾ" ಅಂತ ನಗುತ್ತಿದ್ದ.

ರೌಟರ್‌ನಲ್ಲಿ ಕೆಟ್ಟ ಸೈಟುಗಳಿಗೆ ಫಿಲ್ಟರ್ ಹಾಕಿದ್ದೇನೆ. ಇಲ್ಲಿ ಏನನ್ನ ಬ್ಲಾಕ್ ಮಾಡಲಿ?

ತೊಗರಿ ಕಣಜ

18 ವರ್ಷ ಆಗದವರಿಗೆ ಆ ಆ್ಯಪೇ ಕೊಡಬೇಡಿ. ಮುಗೀತು.

ಝೆರಾಕ್ಸ್ ಅಣ್ಣ, ಕಲಬುರಗಿ

18 ಆದವರ ಮುಖಕ್ಕೆ ಬಂದು ನಿಲ್ಲೋದಿಲ್ವಾ ಅವರು?

ಬೀದರ್ ಹುಡುಗಿ

ಅಣ್ಣಾ, ನಾನು ಪುಣೆಯಲ್ಲಿ ಗೇಮ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ರೌಟರ್ ಫಿಲ್ಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು ನೋಡೋದು ವಿಳಾಸ ಮಾತ್ರ. ಶರಣಬಸವೇಶ್ವರ ಜಾತ್ರೆಗೆ ತೇರು ನೋಡೋಕೆ ಬಂದವನೂ ಜೇಬು ಕತ್ತರಿಸೋನೂ ಒಂದೇ ದಾರಿಯಲ್ಲಿ ಬರುತ್ತಾರಲ್ಲ, ಹಾಗೆ. ತಡೆ ಆ್ಯಪ್ ಒಳಗೇ ಹಾಕಬೇಕು.

ಮೈಮೇಲೆ ಬರೋ ಕಾಟ ಹಳೆಯದು. 2016ರಲ್ಲಿ ಕ್ವಿವರ್ ಅನ್ನೋ ಬಿಲ್ಲು ಬಾಣದ ಆಟದಲ್ಲಿ ಒಬ್ಬ ಮಹಿಳೆಗೆ ಹೀಗೇ ಆಯಿತು. ಅವರು ಅದನ್ನ ಬರೆದ ಮೇಲೆ ಆಟ ಮಾಡಿದವರು ಕೈಸನ್ನೆಯೊಂದನ್ನ ಸೇರಿಸಿದರು, ಹತ್ತಿರ ಬಂದವನನ್ನ ಮಾಯ ಮಾಡೋಕೆ. ಮೆಟಾ ತನ್ನ ಹೊರೈಜನ್ ಲೋಕಗಳಲ್ಲಿ 2022ರ ಫೆಬ್ರವರಿಯಲ್ಲಿ ಸುಮಾರು 4 ಅಡಿ ಅಂತರದ ಗಡಿ ತಂದಿತು. ನಿಮ್ಮ ಆ್ಯಪ್‌ನಲ್ಲೂ ಅಂಥದ್ದು ಇದೆಯಾ ನೋಡಿ. ಇದ್ದರೆ ಸಾಲದು, ಆನ್ ಇರಬೇಕು. ಗಿರಾಕಿ ಆಫ್ ಮಾಡಿ ಹೋಗಿರುತ್ತಾನೆ, ಪ್ರತಿ ಸಲ ನೋಡಿಯೇ ಮುಂದಿನವರಿಗೆ ಕೊಡಿ.

ಮಿಂಚೋ ಮನುಷ್ಯನದ್ದು ಬೇರೆ ಕಥೆ. ವಿಆರ್‌ಚಾಟ್‌ನಂಥ ಹರಟೆ ಆ್ಯಪ್‌ಗಳಲ್ಲಿ ಜನ ತಾವೇ ಮಾಡಿದ ಅವತಾರ, ಅಂದರೆ ಒಳಗೆ ಕಾಣೋ ಬೊಂಬೆ ರೂಪ, ಹಾಕಿಕೊಂಡು ಬರಬಹುದು. ಅದರ ಜೊತೆ ಬೆಳಕು, ಸದ್ದು, ಹೊಗೆ ಎಲ್ಲ ಬರುತ್ತದೆ. ಅಲ್ಲಿ ಸೇಫ್ಟಿ ಮೆನು ಇದೆ. ವಿಸಿಟರ್, ನ್ಯೂ ಯೂಸರ್ ಅಂತ ದರ್ಜೆಗಳಿವೆ. ಒಂದೊಂದು ದರ್ಜೆಯವರ ಧ್ವನಿ, ಅವತಾರ, ಲೈಟು ಬೇರೆ ಬೇರೆಯಾಗಿ ಬಂದ್ ಮಾಡಬಹುದು. ಅಂಗಡಿಯ ಹೆಡ್‌ಸೆಟ್ ಆದರೆ ಸ್ನೇಹಿತರಲ್ಲದ ಎಲ್ಲರದ್ದೂ ಬಂದ್ ಇಡಿ. ಮಜಾ ಕಡಿಮೆ ಆಗುತ್ತದೆ, ಆಗಲಿ ಬಿಡಿ.

ಮಿಂಚನ್ನ ಹಗುರಾಗಿ ತಗೋಬೇಡಿ. 1997ರ ಡಿಸೆಂಬರ್‌ನಲ್ಲಿ ಜಪಾನ್ ಟಿವಿಯಲ್ಲಿ ಪೋಕೆಮಾನ್‌ನ ಒಂದು ಕಂತಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿಂಚಿತು. 600ಕ್ಕೂ ಜಾಸ್ತಿ ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ಅದು ಕೋಣೆಯ ಆ ಕಡೆ ಇದ್ದ ಟಿವಿ. ಇದು ಕಣ್ಣಿಗೇ ಕಟ್ಟಿದ್ದು. ವೆಬ್‌ಸೈಟುಗಳಿಗೆ ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿಂಚಬಾರದು ಅನ್ನೋ ನಿಯಮ ಇದೆ. ಹೆಡ್‌ಸೆಟ್‌ಗೂ ಅಂಥದ್ದೊಂದು ತಡೆ ಕಂಪನಿಗಳೇ ಹಾಕಬೇಕು, ಯಾರ ಆ್ಯಪ್ ಆದರೂ ದಾಟೋಕಾಗದ ಹಾಗೆ. ಅಲ್ಲಿವರೆಗೆ, ಹೆಡ್‌ಸೆಟ್ ಕೊಡೋ ಮುಂಚೆ "ಫಿಟ್ಸ್ ಬರುತ್ತಾ?" ಅಂತ ಕೇಳಿ. ಸಂಕೋಚ ಬೇಡ.

ಇನ್ನು ಆ ಝೆರಾಕ್ಸ್ ಮಷೀನ್! ಅದನ್ನ ಮೊದಲು ಸರಿಸಿ. ಅಮೆರಿಕದ ನ್ಯೂ ಹೇವನ್ ವಿಶ್ವವಿದ್ಯಾಲಯದವರು ಗೋಡೆ, ಸಾಮಾನಿಗೆ ಬಡಿಯದಂತೆ ಎಚ್ಚರಿಸೋ ಹೆಡ್‌ಸೆಟ್‌ನ ಗಡಿಯನ್ನೇ ಗುಟ್ಟಾಗಿ ಬದಲಿಸಿ, ಹಾಕಿಕೊಂಡವರಿಗೆ ತಿಳಿಯದ ಹಾಗೆ ಅವರನ್ನ ಕೋಣೆಯಲ್ಲಿ ಬೇರೆ ಕಡೆ ನಡೆಸಿ ತೋರಿಸಿದ್ದಾರೆ. ಕಂಪ್ಯೂಟರಿಗೆ ಜೋಡಿಸೋ ವೈವ್, ರಿಫ್ಟ್‌ ಅನ್ನೋ ಹೆಡ್‌ಸೆಟ್‌ಗಳ ಮೇಲೆ ಮಾಡಿದ್ದು. 2024ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಕ್ವೆಸ್ಟ್‌ನಲ್ಲೇ ಅಸಲಿ ಪರದೆಯಂಥ ನಕಲಿ ಪರದೆ ಕೂರಿಸಿದರು. ಅದಕ್ಕೆ ದಾರಿ ಆಗಿದ್ದು ಡೆವಲಪರ್ ಮೋಡ್, ಅಂದರೆ ಕಂಪನಿಯ ಆ್ಯಪ್ ಸ್ಟೋರ್ ಬಿಟ್ಟು ಹೊರಗಿನ ಆ್ಯಪ್‌ಗಳನ್ನೂ ಹಾಕೋಕೆ ಬಿಡೋ ಸೆಟ್ಟಿಂಗ್. ಪುಕ್ಕಟೆ ಗೇಮ್ ಹಾಕಿಸೋಕೆ ಅಂತ ಅದನ್ನ ಆನ್ ಇಟ್ಟಿದ್ದರೆ ಇವತ್ತೇ ಆಫ್ ಮಾಡಿ.

ಆಳಂದ ಕಾಕಾ

ತಂಗಿ ಹೇಳಿದ್ದು ಸರಿ. ಟಿವಿಗೆ ಹಾಕಿ ಆಡಿಸ್ತೀರಲ್ಲ, ಅದನ್ನ ಬಿಡಬೇಡಿ. ಅಂಥದ್ದು ಕಂಡರೆ ಆಗಲೇ ರೆಕಾರ್ಡ್ ಮಾಡಿ, ಅವನ ಯೂಸರ್ ನೇಮ್ ಬರೆದಿಟ್ಟುಕೊಳ್ಳಿ. ಹೆಸರಿಲ್ಲದೆ ಆ್ಯಪ್‌ಗೂ ದೂರು ಕೊಡೋಕಾಗಲ್ಲ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ಏನು ಅಂತ ಬರೀತೀರಿ? ಮಕ್ಕಳ ವಿಷಯ ಆದರೆ ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು. ಆ ಹುಡುಗಿಯ ಮನೆಯವರಿಗೆ ಹೇಳಿದ್ರಾ?

ಝೆರಾಕ್ಸ್ ಅಣ್ಣ, ಕಲಬುರಗಿ

ಹೇಳಿದೆ ಕಾಕಾ. ಅವರಪ್ಪ ಬಂದು ಹೆಡ್‌ಸೆಟ್ ಹಾಕಿಕೊಂಡು ನೋಡಿ ಹೋದರು. ಮಷೀನ್ ಮುಂದಕ್ಕೆ ತಂದೆ, ಡೆವಲಪರ್ ಮೋಡ್ ಆಫ್. ಬೀದರ್ ಅಕ್ಕಾ, ಇನ್ನೊಂದು. ಎಲ್ಲರೂ ಆಡೋದು ನನ್ನ ಒಂದೇ ಅಕೌಂಟ್‌ನಲ್ಲಿ. ಅದರಿಂದ ಏನಾದರೂ ತೊಂದರೆ?

ಬೀದರ್ ಹುಡುಗಿ

ಅಯ್ಯೋ, ದೊಡ್ಡ ತೊಂದರೆ ಅದೇ ಅಣ್ಣಾ. ಅಕೌಂಟ್‌ನಲ್ಲಿ ನಿಮ್ಮ ವಯಸ್ಸಿದೆ. 14ರ ಹುಡುಗ ಹಾಕಿಕೊಂಡರೂ ಆ್ಯಪ್ ಕಣ್ಣಿಗೆ ದೊಡ್ಡವನೇ. ಹದಿಹರೆಯದವರಿಗೆ ಅಂತ ಇಟ್ಟಿರೋ ರಕ್ಷಣೆ ಒಂದೂ ಅವನಿಗೆ ಸಿಗಲ್ಲ. ಕ್ವೆಸ್ಟ್‌ನಲ್ಲಿ 13 ದಾಟಿದವರಿಗೆ ಸ್ವಂತ ಅಕೌಂಟ್, 10ರಿಂದ 12ರವರಿಗೆ ಅಪ್ಪ ಅಮ್ಮ ನೋಡಿಕೊಳ್ಳೋ ಅಕೌಂಟ್ ಇದೆ. ಮತ್ತೆ, ಗಿರಾಕಿಯೊಬ್ಬ ಒಳಗೆ ಹೋಗಿ ಬೇರೆಯವರಿಗೆ ಕಾಟ ಕೊಟ್ಟರೆ ಬ್ಯಾನ್ ಆಗೋದು ನೀವು. ಅಂಗಡಿ ಅಕೌಂಟ್‌ನಲ್ಲಿ ಒಬ್ಬರೇ ಆಡೋ ಆಟ ಮಾತ್ರ ಇಡಿ. ಹರಟೆ ಲೋಕ ಬೇಕು ಅನ್ನೋರು ತಮ್ಮ ಲಾಗಿನ್ ತರಲಿ.

ಝೆರಾಕ್ಸ್ ಅಣ್ಣ, ಕಲಬುರಗಿ

ಗಿರಾಕಿ ಅರ್ಧ ಆಗ್ತಾರೆ. ಸರಿ, ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆ ಹರಟೆ ಆ್ಯಪ್‌ಗಳನ್ನ ಅಳಿಸಿ ಹಾಕ್ತೀನಿ.