ಪಾಲಿಥಯೋಫೀನ್ ಪದರ ನೇರಳೆಯಾಗುತ್ತಿಲ್ಲ. ಬ್ಯಾಂಡ್ ಗ್ಯಾಪ್ ತಗ್ಗಿಸುವುದು ಹೇಗೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ):
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗಾಗಿ 3-ಹೆಕ್ಸೈಲ್‌ಥಯೋಫೀನ್‌ನಿಂದ ಫೆರಿಕ್ ಕ್ಲೋರೈಡ್ ಬಳಸಿ ಪಾಲಿಮರ್ (ಒಂದು ಬಗೆಯ ಪಾಲಿಥಯೋಫೀನ್) ತಯಾರಿಸಿದ್ದೇನೆ. ಕ್ಲೋರೋಫಾರ್ಮ್‌ನಲ್ಲಿ ಅದು ಕಿತ್ತಳೆ ಬಣ್ಣಕ್ಕೆ ಕರಗಿತು. ಆದರೆ ಗಾಜಿನ ಮೇಲೆ ಒಣಗಿದ ಪದರ ಪುಸ್ತಕದಲ್ಲಿರುವಂತೆ ನೇರಳೆಯಾಗದೆ ಇಟ್ಟಿಗೆಗೆಂಪಿನಲ್ಲೇ ನಿಂತಿದೆ. ಬೆಳಕಿನ ಹೀರಿಕೆಯ ಅಂಚು 590 ನ್ಯಾನೋಮೀಟರ್, ಅಂದರೆ ಬ್ಯಾಂಡ್ ಗ್ಯಾಪ್ (ಇಲೆಕ್ಟ್ರಾನ್ ತುಂಬಿದ ಮಟ್ಟಕ್ಕೂ ಖಾಲಿ ಮಟ್ಟಕ್ಕೂ ನಡುವಿನ ಶಕ್ತಿಯ ಅಂತರ) ಸುಮಾರು 2.1 ಇಲೆಕ್ಟ್ರಾನ್ ವೋಲ್ಟ್. ನನಗೆ ಬೇಕಿರುವುದು 1.6. ಸರಪಳಿಯನ್ನು ಇನ್ನಷ್ಟು ಉದ್ದ ಮಾಡಿದರೆ ಸಾಧ್ಯವೇ?

ಉತ್ತರ (ಉಪನ್ಯಾಸಕ, ರಾಯಚೂರು):
ಉದ್ದದಿಂದ ಸಿಗುವ ಲಾಭ ಒಂದಿಪ್ಪತ್ತು ಥಯೋಫೀನ್ ಉಂಗುರಗಳೊಳಗೆ ಮುಗಿದುಹೋಗುತ್ತದೆ. ನಿಮ್ಮ ತೊಡಕು ಇರುವುದು ಸರಪಳಿಯ ತಿರುಚಿನಲ್ಲಿ. ಫೆರಿಕ್ ಕ್ಲೋರೈಡ್ ವಿಧಾನದಲ್ಲಿ ಕೆಲವು ಉಂಗುರಗಳು ತಲೆಗೆ ತಲೆ ಕೊಟ್ಟು (ಹೆಕ್ಸೈಲ್ ಇರುವ ಬದಿಗಳು ಎದುರುಬದುರಾಗಿ) ಕೂಡಿಕೊಳ್ಳುವುದರಿಂದ, ಅಕ್ಕಪಕ್ಕದ ಹೆಕ್ಸೈಲ್ ಗುಂಪುಗಳು ಒಂದನ್ನೊಂದು ತಳ್ಳಿ ಉಂಗುರಗಳನ್ನು ಸಮತಲದಿಂದ ಹೊರಳಿಸುತ್ತವೆ, ಸರಪಳಿಯುದ್ದಕ್ಕೂ ಹರಡಬೇಕಾದ ಪೈ ಇಲೆಕ್ಟ್ರಾನ್‌ಗಳ ಹರವು ಅಲ್ಲಲ್ಲಿ ತುಂಡಾಗಿ ಗ್ಯಾಪ್ ದೊಡ್ಡದಾಗಿಯೇ ಉಳಿಯುತ್ತದೆ. ಗ್ರಿಗ್ನಾರ್ಡ್ (ಮೆಗ್ನೀಷಿಯಂ ಸಂಯುಕ್ತ ಬಳಸುವ) ವಿಧಾನದಲ್ಲಿ ಉಂಗುರಗಳು ತಲೆಗೆ ಬಾಲದಂತೆ ಸಾಲುಗೂಡುವುದರಿಂದ ಪದರ ನೇರಳೆಯಾಗುತ್ತದೆ, ಗ್ಯಾಪ್ 1.9ರ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಈ ಪಾಲಿಮರ್ ಹೋಗದು. ಫೆರಿಕ್ ಕ್ಲೋರೈಡ್‌ನ ಕಬ್ಬಿಣ ಉಳಿದರೆ ಪಾಲಿಮರನ್ನು ಉತ್ಕರ್ಷಿಸಿ ಪದರವನ್ನು ಕಪ್ಪಾಗಿಸುತ್ತದೆ; ನಿಮ್ಮದು ಕಪ್ಪಾಗಿಲ್ಲವಾದ್ದರಿಂದ ಕಬ್ಬಿಣ ಬಹುಪಾಲು ಹೋಗಿರಬೇಕು. ಆದರೂ ಅಂಚಿನಾಚೆ ಸ್ಪೆಕ್ಟ್ರಮ್‌ನಲ್ಲಿ ಹೀರಿಕೆಯ ಬಾಲವೇನಾದರೂ ಕಾಣುತ್ತಿದೆಯೇ ನೋಡಿ.

ಉತ್ತರ (ಸಂಶೋಧನಾ ವಿದ್ಯಾರ್ಥಿ, ಕೊಪ್ಪಳ):
ಸರ್ ಹೇಳಿದ್ದು ಸರಿ. 1.6 ಬೇಕಾದರೆ ಇಲೆಕ್ಟ್ರಾನ್ ಕೊಡುವ ಘಟಕವನ್ನೂ ಸೆಳೆಯುವ ಘಟಕವನ್ನೂ ಒಂದರ ಪಕ್ಕ ಒಂದಿಟ್ಟು ಹೆಣೆಯಬೇಕು. ಆಗ ಹೋಮೋ ಮಟ್ಟವನ್ನು (ಇಲೆಕ್ಟ್ರಾನ್ ತುಂಬಿದ ಅತಿ ಮೇಲಿನ ಮಟ್ಟ) ಹೆಚ್ಚಾಗಿ ಕೊಡುವ ಘಟಕವೂ ಲೂಮೋ ಮಟ್ಟವನ್ನು (ಖಾಲಿ ಇರುವ ಅತಿ ಕೆಳಗಿನ ಮಟ್ಟ) ಸೆಳೆಯುವ ಘಟಕವೂ ನಿರ್ಧರಿಸುವುದರಿಂದ, ಎರಡನ್ನೂ ಬೇರೆಬೇರೆಯಾಗಿ ತಿದ್ದಲು ಬರುತ್ತದೆ. ನಿಮ್ಮೂರಿನ ಜೀನ್ಸ್‌ಗೆ ನೀಲಿ ಕೊಡುವ ಇಂಡಿಗೋದಲ್ಲೂ ಇದೇ ಜೋಡಿ ಇದೆ: ಎನ್‌ಎಚ್ ಕೊಡುತ್ತದೆ, ಕಾರ್ಬೊನಿಲ್ ಸೆಳೆಯುತ್ತದೆ. ಅಷ್ಟು ಚಿಕ್ಕ ಅಣು ನೀಲಿಯಾಗಿ ಕಾಣುವುದು ಅದರಿಂದಲೇ. ಅದರ ದಾಯಾದಿ ಐಸೋಇಂಡಿಗೋವನ್ನು ಬೈಥಯೋಫೀನ್ ಜೊತೆ ಸೇರಿಸಿದ ಪಾಲಿಮರ್‌ಗಳ ಗ್ಯಾಪ್ 1.6ರ ಆಸುಪಾಸಿನಲ್ಲೇ ಇರುತ್ತದೆ. ಇದಕ್ಕೆ ಫೆರಿಕ್ ಕ್ಲೋರೈಡ್ ಸಾಲದು, ಪಲ್ಲೇಡಿಯಂ ವೇಗವರ್ಧಕ ಬೇಕು.

ಉತ್ತರ (ಉಪನ್ಯಾಸಕ, ರಾಯಚೂರು):
ಒಂದು ಎಚ್ಚರಿಕೆ. ಗ್ಯಾಪ್ ಇಳಿಸುವ ಭರದಲ್ಲಿ ಕೊಡುವ ಘಟಕವನ್ನು ತೀರ ಬಲವಾಗಿಸಿದರೆ ಹೋಮೋ ಮೇಲೇರಿ, ಪಾಲಿಮರ್ ಗಾಳಿಯಲ್ಲೇ ಉತ್ಕರ್ಷಣಗೊಳ್ಳುತ್ತದೆ. ಲೂಮೋ ಇಳಿಸುವುದೇ ಲೇಸು.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು ಸರ್. 800 ನ್ಯಾನೋಮೀಟರ್ ಬಳಿ ತೆಳುವಾದ ಬಾಲ ಇದೆ; ಮೆಥನಾಲ್‌ನಲ್ಲಿ ಮಾತ್ರ ತೊಳೆದಿದ್ದೆ. ಸೋಮವಾರ ಫ್ಯೂಮ್ ಹುಡ್‌ನೊಳಗೆ ಹೈಡ್ರಜೀನ್‌ನಿಂದ (ಉತ್ಕರ್ಷಣವನ್ನು ಹಿಮ್ಮೆಟ್ಟಿಸುವ ಅಪಕರ್ಷಕ) ತೊಳೆದು ಮತ್ತೆ ಅಳೆಯುತ್ತೇನೆ. ಪಲ್ಲೇಡಿಯಂ ನಮ್ಮ ಲ್ಯಾಬ್‌ನಲ್ಲಿಲ್ಲ, ಗೈಡ್ ಬಳಿ ಕೇಳಬೇಕು.