ನವನಗರದಲ್ಲಿ ಹಳೆ ಮನೆ: ಇಸಿ ಒಂದೇ ಸಾಕಾ?

ಇಳಕಲ್ ಟೀಚರ್:
ನಮಸ್ಕಾರ. ಇಳಕಲ್‌ನಿಂದ ಬಾಗಲಕೋಟೆಗೆ ವರ್ಗ ಆಗಿದೆ. ನವನಗರದಲ್ಲಿ ಒಂದು ಮನೆ ನೋಡಿದ್ದೇವೆ. 30x40 ಸೈಟು, ಎರಡು ರೂಮು, ಪಡಸಾಲೆ, ಹಿತ್ತಲಲ್ಲಿ ಕರಿಬೇವಿನ ಗಿಡ. ಮಗಳು ಶಾಲೆಗೆ ನಡೆದೇ ಹೋಗಬಹುದು. ಅತ್ತೆಗೆ ಸಕ್ಕರೆ ಕಾಯಿಲೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹತ್ತಿರ. ಎಲ್ಲರಿಗೂ ಮನಸ್ಸಿಗೆ ಬಂದಿದೆ.

ಇಸಿ (ಆಸ್ತಿಯ ಮೇಲಿನ ನೋಂದಾಯಿತ ಖರೀದಿ, ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿದೆವು. 2009 ಮತ್ತು 2017ರ ಎರಡು ಖರೀದಿ ಇವೆ, ಸಾಲ ಏನೂ ಇಲ್ಲ. ಏಜೆಂಟರು "ಎಲ್ಲಾ ಕ್ಲಿಯರ್ ಇದೆ, ಅಡ್ವಾನ್ಸ್ ಕೊಡಿ" ಅನ್ನುತ್ತಿದ್ದಾರೆ. ಇಷ್ಟು ನೋಡಿದರೆ ಸಾಕಾ?

ಇನ್ನೊಂದು ಮಾತು. ಮನೆ ಸಾದಾ ಆರ್‌ಸಿಸಿ. ಆದರೆ ಮುಂಬಾಗಿಲು ಹಳೆ ಸಾಗವಾನಿಯದು, ಚೌಕಟ್ಟಿನ ತುಂಬ ಬಳ್ಳಿ ಕೆತ್ತನೆ. ಕೆಳಗೆ ನಾಲ್ಕು ಬೆರಳಷ್ಟು ಕೊಯ್ದು ಕೂರಿಸಿದ್ದಾರೆ, ಬಳ್ಳಿ ಅರ್ಧಕ್ಕೇ ನಿಂತಿದೆ. ಯಾಕೆ ಹೀಗೆ?

ಹಳೆ ಊರಿನವನು:
ಟೀಚರ್, ಅದು ಮುಳುಗಡೆ ಮನೆಯ ಬಾಗಿಲು ಇರಬೇಕು. ಆಲಮಟ್ಟಿ ಹಿನ್ನೀರಿಗೆ ಮನೆ ಹೋದವರಿಗಾಗಿಯೇ ನವನಗರ ಕಟ್ಟಿದ್ದು, ಚಾರ್ಲ್ಸ್ ಕೊರಿಯಾ ಅವರ ನಕ್ಷೆ. ನಮ್ಮ ತಂದೆ ಬಾಗಿಲು, ತೊಲೆ, ಹೊಸ್ತಿಲು ಎಲ್ಲಾ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಹೊಸ ಮನೆಗೆ ಹೊಂದದಿದ್ದರೆ ಕೊಯ್ದು ಕೂರಿಸುತ್ತಿದ್ದರು.

ಹಾಗಿದ್ದರೆ ನಿಮ್ಮ ಮನೆಯ ಮೂಲ ಕಾಗದ ಅಂದರೆ ಮುಳುಗಡೆಯವರಿಗೆ ಸೈಟು ಕೊಡುವಾಗ ಕೊಟ್ಟ ಹಕ್ಕುಪತ್ರ. ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಸೈಟಿನ ಫೈಲ್ ತೆಗೆಸಿ. ಹಕ್ಕುಪತ್ರ ಯಾರ ಹೆಸರಿಗಿತ್ತು, 2009ರಲ್ಲಿ ಮಾರಿದವರು ಯಾರು? ಅವರೇ ಮಾರಿದ್ದರೆ ಸರಿ. ಮಗ ಮಾರಿದ್ದರೆ ವಂಶಾವಳಿ ಕೇಳಿ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಇಸಿಯಲ್ಲಿ ಮಾರಿದವರ ಹೆಸರು ಇರುತ್ತದೆ, ಸಹಿ ಹಾಕದವರ ಹೆಸರು ಇರುವುದಿಲ್ಲ.

ನನ್ನ ತಮ್ಮ ಹೀಗೇ ಒಂದು ಮನೆ ತೆಗೆದುಕೊಂಡ. ನಾಲ್ಕು ವರ್ಷದ ಮೇಲೆ ಕೋರ್ಟ್ ನೋಟಿಸ್ ಬಂತು. ಮೊದಲ ಮಾಲೀಕರ ಮಗಳು ಪಾಲು ಕೇಳಿದ್ದರು. ಆ ಹೆಣ್ಣುಮಗಳದು ತಪ್ಪು ಅಂತ ನಾನು ಹೇಳುವುದಿಲ್ಲ. ಮುಳುಗಿದ್ದು ಅವರ ತವರು ಮನೆ ಅಲ್ವಾ?

ಸೆಕ್ಟರ್ ನಿವಾಸಿ:
ಅಣ್ಣಾವ್ರು ಹೇಳಿದ್ದು ಸರಿ. ಆನ್‌ಲೈನ್ ಇಸಿ 2004ರಿಂದ ಈಚೆಗಿನದು ಮಾತ್ರ. ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿ. ಇ-ಖಾತಾ (ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಡಿಜಿಟಲ್ ಖಾತೆ ದಾಖಲೆ) ಆಗಿದೆಯಾ ಅಂತಲೂ ನೋಡಿ. ನೀರಿನ ಬಗ್ಗೆ ಏಜೆಂಟರನ್ನು ಕೇಳಬೇಡಿ, ಪಕ್ಕದ ಮನೆ ಅಕ್ಕನನ್ನು ಕೇಳಿ. ನಳ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅವರೇ ಸರಿಯಾಗಿ ಹೇಳುತ್ತಾರೆ.

ಇಳಕಲ್ ಟೀಚರ್:
ಅಣ್ಣಾ, ನಿಮ್ಮ ಋಣ ದೊಡ್ಡದು. ಫೈಲ್ ನೋಡಿದೆವು. ಹಕ್ಕುಪತ್ರ ತಂದೆಯ ಹೆಸರಿಗಿತ್ತು, ಮಾರಿದ್ದು ಮಗ ಒಬ್ಬರೇ. ವಂಶಾವಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಈಗಿನ ಮಾಲೀಕರಿಗೂ ಇದು ಗೊತ್ತಿರಲಿಲ್ಲ, ಪಾಪ. ಅಕ್ಕತಂಗಿಯರನ್ನು ಕಂಡು ಮಾತಾಡಿ, ಒಪ್ಪಿಗೆ ಪತ್ರ ನೋಂದಣಿ ಮಾಡಿಸಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಒಂದು ರೂಪಾಯಿಯೂ ಕೊಡುವುದಿಲ್ಲ ಅಂತ ಏಜೆಂಟರಿಗೆ ಹೇಳಿದ್ದೇನೆ.

ಹಿರಿಯಕ್ಕ ಮುದ್ದೇಬಿಹಾಳದಲ್ಲಿದ್ದಾರೆ. ಭಾನುವಾರ ಮಾಲೀಕರ ಜೊತೆ ನಾವೂ ಹೋಗುತ್ತೇವೆ. ಬಾಗಿಲಿನ ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ಅವರಿಗೆ ತೋರಿಸಬೇಕು.